ಕರಪತ್ರದ ಕೊನೇ ಸಾಲಿನ ಸಂಗೀತಗಾರ

ಸಿರುಗುಪ್ಪ, ಕುರುಗೋಡು ಕಡೆಯ ಊರುಗಳಲ್ಲಿ ಜಾತ್ರೆ ಹತ್ತಿರ ಬಂತೆಂದರೆ ಬಸ್ ನಿಲ್ದಾಣದ ಗೋಡೆಗೆ, ಹೋಟೆಲಿನ ಬಾಗಿಲಿಗೆ, ಕಾಲುವೆ ತೂಬಿನ ಕಟ್ಟೆಗೆ ನಾಟಕದ ಪೋಸ್ಟರ್ ಅಂಟುತ್ತದೆ. ಮೇಲೆ ಗ್ರಾಮದೇವರ ಚಿತ್ರ. ಅದರ ಕೆಳಗೆ ನಾಟಕದ ಹೆಸರು. ಸಾಮಾಜಿಕ ನಾಟಕವಾದರೆ ಹೆಸರು ಎರಡು, ನಡುವೆ ‘ಅರ್ಥಾತ್’. ಆಮೇಲೆ ಶಾಸಕರು, ಮಾಜಿ ಶಾಸಕರು, ಪಂಚಾಯಿತಿ ಸದಸ್ಯರು, ಶುಭ ಕೋರುವ ಬಂಧುಗಳು. ಬಳಿಕ ಪಾತ್ರಧಾರಿಗಳು: ಕಪ್ಪು ಕನ್ನಡಕ ಹಾಕಿ ಫೋಟೊ ತೆಗೆಸಿಕೊಂಡ ಊರ ಹುಡುಗರು, ಬಳ್ಳಾರಿಯಿಂದ ಬರುವ ಸ್ತ್ರೀ ಪಾತ್ರಧಾರಿಗಳು. ಎಲ್ಲ ಮುಗಿದ ಮೇಲೆ, ಮುದ್ರಣಾಲಯದ ಹೆಸರಿಗೆ ಒಂದು ಬೆರಳು ಮೇಲೆ, ಸಣ್ಣ ಅಕ್ಷರದಲ್ಲಿ ಒಂದು ಸಾಲು: ಸಂಗೀತ ಮತ್ತು ಹಾರ್ಮೋನಿಯಂ, ಇಂಥ ಊರಿನ ಇಂಥ ಮಾಸ್ತರು.

ಆ ಸಾಲಿನಲ್ಲಿರುವ ಮನುಷ್ಯನ ಬಗ್ಗೆ ಬರೆಯಬೇಕೆಂದು ನನಗೆ ಬಹಳ ದಿನದಿಂದ ಆಸೆ. ಅವರು ಹಾಡುವವರ ಹಿಂದೆ ಪೇಟಿ ಬಾರಿಸುತ್ತಾರೆ ಅಂತಷ್ಟೇ ಜನ ತಿಳಿದಿದ್ದಾರೆ. ಆದರೆ ಆ ರಾತ್ರಿ ಊರು ಕೇಳುವ ಅಷ್ಟೂ ಸಂಗೀತವನ್ನು ಕಟ್ಟಿದವರು ಅವರೇ. ಯಾವ ಹಾಡಿಗೆ ಯಾವ ರಾಗ, ಯಾವ ಕಂದಕ್ಕೆ ಯಾವ ಎತ್ತುಗಡೆ, ಯಾವ ಮಾತಿನ ಹಿಂದೆ ಯಾವ ಸ್ವರ, ಎಲ್ಲಿ ಸುಮ್ಮನಿರಬೇಕು ಎಂಬುದೆಲ್ಲ ಅವರ ತೀರ್ಮಾನ. ಯುರೋಪಿನ ಚರ್ಚುಗಳಲ್ಲಿ ಆರ್ಗನ್ ನುಡಿಸುವವನೇ ವಾರವಾರದ ಪೂಜೆಗೆ ಬೇಕಾದ ಹೊಸ ಸಂಗೀತವನ್ನೂ ಕಟ್ಟಿಕೊಡುತ್ತಿದ್ದ ಕಾಲವೊಂದಿತ್ತು. ಜರ್ಮನಿಯ ಬಾಖ್ 1703ರಲ್ಲಿ ಆರ್ನ್‌ಷ್ಟಾಟ್ ಎಂಬ ಸಣ್ಣ ಊರಿನ ಚರ್ಚಿಗೆ ಆರ್ಗನ್ ನುಡಿಸಲು ಸೇರಿದಾಗ ಅವನಿಗೆ ಹದಿನೆಂಟು ವರ್ಷ. ಊರಿನವರ ಪಾಲಿಗೆ ಅವನೂ ಸಂಬಳಕ್ಕೆ ಬಂದ ನುಡಿಸುವವನೇ. ಕೈಯಲ್ಲಿರುವ ಹಾಡುಗಾರರು ಎಂಥವರೋ ಅಂಥವರಿಗೆ ಒಗ್ಗುವಂತೆ, ಹೇಳಿದ ದಿನಕ್ಕೆ ಸರಿಯಾಗಿ ಸಂಗೀತ ಮಾಡಿಕೊಡುವ ಆ ಕಸುಬು ಯುರೋಪಿನಲ್ಲಿ ದೊಡ್ಡ ಪರಂಪರೆಯಾಗಿ ಪುಸ್ತಕಗಳಲ್ಲಿ ಉಳಿಯಿತು. ಬಳ್ಳಾರಿ ಸೀಮೆಯಲ್ಲಿ ಅದೇ ಕಸುಬು ಇವತ್ತಿಗೂ ನಡೆದಿದೆ. ಪುಸ್ತಕದಲ್ಲಿ ಮಾತ್ರ ಇಲ್ಲ.

ಮಾಸ್ತರರ ಕೆಲಸ ಶುರುವಾಗುವುದು ತಾಲೀಮಿನಿಂದ. ತುಂಗಭದ್ರೆಯ ಕಾಲುವೆ ನೀರು ಹರಿಯುವ ಸಿರುಗುಪ್ಪದ ಕಡೆ ಭತ್ತ ಕೊಯ್ದು ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ಊರಿನಲ್ಲಿ ನಾಟಕದ ಮಾತು ಏಳುತ್ತದೆ. ಪಾತ್ರಕ್ಕಿಷ್ಟು ಅಂತ ಹಣ ಹಾಕಿ ಹುಡುಗರು ಪಾತ್ರ ಹಿಡಿಯುತ್ತಾರೆ. ನಾಯಕನ ಪಾತ್ರಕ್ಕೆ ಹೆಚ್ಚು, ಸೇವಕನ ಪಾತ್ರಕ್ಕೆ ಕಡಿಮೆ. ಆ ದುಡ್ಡಿನಲ್ಲೇ ಸೀನು, ಮೈಕು, ಲೈಟು, ಸ್ತ್ರೀ ಪಾತ್ರಧಾರಿಗಳ ಸಂಭಾವನೆ, ಪೋಸ್ಟರು, ಮಾಸ್ತರರ ಇಡಿಗಂಟು ಎಲ್ಲ ನಡೆಯಬೇಕು. ಹೊಲದ ಕೆಲಸ ಮುಗಿಸಿ ಉಂಡು ಬಂದ ಮೇಲೆ ಗುಡಿಯ ಪಡಸಾಲೆಯಲ್ಲೋ ಶಾಲೆಯ ಕೋಣೆಯಲ್ಲೋ ತಾಲೀಮು. ಒಂದು ತಿಂಗಳು, ಎರಡು ತಿಂಗಳು, ಪೌರಾಣಿಕ ನಾಟಕವಾದರೆ ಇನ್ನೂ ಹೆಚ್ಚು.

ಅಲ್ಲಿ ಮಾಸ್ತರರ ಎದುರು ಕೂರುವವರು ಸಂಗೀತ ಕಲಿತವರಲ್ಲ. ಟ್ರ್ಯಾಕ್ಟರ್ ಹೊಡೆಯುವವರು, ಕಿರಾಣಿ ಅಂಗಡಿಯವರು, ರೈಸ್ ಮಿಲ್ಲಿನ ಹಮಾಲರು, ಪಂಚಾಯಿತಿಯ ನೀರು ಬಿಡುವವರು. ಕೆಲವರಿಗೆ ಓದು ಬಾರದು. ಅವರು ಹಾಡನ್ನು ಕಿವಿಯಿಂದಲೇ ಹಿಡಿಯಬೇಕು. ಮಾಸ್ತರು ಒಂದು ಸಾಲು ಹಾಡುತ್ತಾರೆ, ಪೇಟಿಯ ಮೇಲೆ ಅದೇ ಸಾಲು ಬೆರಳಾಡಿಸುತ್ತಾರೆ, ಅವರಿಂದ ಹೇಳಿಸುತ್ತಾರೆ. ಮಾತು ತಪ್ಪಿದರೆ ಮಾತು, ತಾಳ ತಪ್ಪಿದರೆ ತೊಡೆ ತಟ್ಟಿ ತಾಳ. ಹತ್ತು ಸಲ ಹೇಳಿಸಿದರೂ ಸ್ವರ ಕೂಡದಿದ್ದರೆ ಮಾಸ್ತರು ಹುಡುಗನನ್ನು ತಿದ್ದುವುದು ಬಿಟ್ಟು ಮಟ್ಟನ್ನೇ ತಿದ್ದುತ್ತಾರೆ. ತಾರ ಷಡ್ಜಕ್ಕೆ ಹೋಗುವ ಸಾಲು ಪಂಚಮದಲ್ಲಿ ನಿಲ್ಲುತ್ತದೆ, ಎಂಟು ಮಾತ್ರೆ ಎಳೆಯಬೇಕಾದ ಕಡೆ ನಾಲ್ಕಕ್ಕೆ ಮುಗಿದು ಉಳಿದ ನಾಲ್ಕು ಪೇಟಿಯ ಪಾಲಾಗುತ್ತದೆ. ‘ಗೌಡ್ರೆ, ನೀವು ಅಂಜಬ್ಯಾಡ್ರಿ, ಮಾತು ಸ್ಪಷ್ಟ ಹೇಳ್ರಿ ಸಾಕು, ರಾಗ ನಾನು ನೋಡ್ಕೆಂತೀನಿ’ ಎಂಬ ಮಾತನ್ನು ತಾಲೀಮಿನ ಕೋಣೆಗಳಲ್ಲಿ ಕೇಳಿದವರಿಗೆ ಗೊತ್ತು, ಅದು ಬರೀ ಸಮಾಧಾನದ ಮಾತಲ್ಲ. ಅವರು ನಿಜಕ್ಕೂ ನೋಡಿಕೊಳ್ಳುತ್ತಾರೆ.

ಜೋಡಿ ಹಾಡಿನದು ಇನ್ನೊಂದು ಕಷ್ಟ. ಗಂಡು ಪಾತ್ರಧಾರಿಯ ಕಂಠ ಸಾಮಾನ್ಯವಾಗಿ ಪೇಟಿಯ ಮೊದಲ ಕಪ್ಪು ಮನೆಯಲ್ಲಿ, ಅಂದರೆ ಕಪ್ಪು ಒಂದರಲ್ಲಿ ಸಲೀಸು. ಬಳ್ಳಾರಿಯಿಂದ ಬಂದ ಕಲಾವಿದೆಗೆ ಕಪ್ಪು ನಾಲ್ಕು ಬೇಕು. ಅವರವರ ಶ್ರುತಿಯಲ್ಲಿ ಹಾಡಿಸಿದರೆ ಹಾಡು ಎರಡು ತುಂಡು, ಒಂದೇ ಶ್ರುತಿಯಲ್ಲಿ ಹಾಡಿಸಿದರೆ ಒಬ್ಬರ ಗಂಟಲು ಕಟ್ಟುತ್ತದೆ. ಬಲ್ಲ ಮಾಸ್ತರು ಗಂಡಿನ ಪಂಚಮವನ್ನೇ ಹೆಣ್ಣಿನ ಷಡ್ಜ ಮಾಡಿಕೊಳ್ಳುತ್ತಾರೆ. ಕಪ್ಪು ಒಂದರ ಪಂಚಮ ನಿಲ್ಲುವುದು ಕಪ್ಪು ನಾಲ್ಕರಲ್ಲೇ. ಗಂಡಿನ ನುಡಿ ಪಂಚಮದ ಮೇಲೆ ಮುಗಿಯುವಂತೆ ಮಟ್ಟು ಹಾಕಿ, ನಡುವೆ ಪೇಟಿಯಲ್ಲಿ ಒಂದು ಸಣ್ಣ ತಿರುವು ಕೊಟ್ಟು, ಅದೇ ಸ್ವರದಿಂದ ಹೆಣ್ಣಿನ ನುಡಿ ಎತ್ತಿಸುತ್ತಾರೆ. ಕೇಳುವವರಿಗೆ ಹಾಡು ಒಂದು ಮೆಟ್ಟಿಲು ಮೇಲೇರಿದ ಹಾಗೆ ಅನ್ನಿಸುತ್ತದೆ. ‘ಒನ್ಸ್ ಮೋರ್’ ಬೀಳುವುದು ಬಹುಪಾಲು ಅಲ್ಲೇ. ಇದನ್ನು ಯಾವ ಸಂಗೀತ ಶಾಲೆಯೂ ಅವರಿಗೆ ಹೇಳಿಕೊಟ್ಟಿಲ್ಲ. ಸಂಯೋಜನೆ ಎಂಬುದು ಇದಲ್ಲದೆ ಮತ್ತೇನು?

ಅಚ್ಚಾದ ನಾಟಕದ ಪುಸ್ತಕದಲ್ಲಿ ಹಾಡಿನ ತಲೆಯ ಮೇಲೆ ರಾಗ, ತಾಳ ಅಥವಾ ಧಾಟಿ ಬರೆದಿರುತ್ತದೆ. ಹಳೆಯ ಪೌರಾಣಿಕ ನಾಟಕಗಳಲ್ಲಿ ಕಾಫಿ, ಭೀಮಪಲಾಸ್, ಜೋಗಿಯಾ, ಮಾಂಡ್ ಎಂದಿರುತ್ತದೆ. ಈಚಿನ ಸಾಮಾಜಿಕ ನಾಟಕಗಳಲ್ಲಿ ಯಾವುದಾದರೂ ಸಿನಿಮಾ ಹಾಡಿನ ಧಾಟಿ. ಕೆಲಸಗಳ್ಳ ಮಾಸ್ತರು ಆ ಧಾಟಿಯನ್ನೇ ಇಳಿಸಿ ಕೈತೊಳೆದುಕೊಳ್ಳುತ್ತಾರೆ. ಕಸುಬಿನ ಮೇಲೆ ಪ್ರೀತಿ ಇದ್ದವರು ಹಾಡಿನ ಮಾತು ಓದಿ, ಪಾತ್ರ ಮಾಡುವವನ ಗಂಟಲು ಕೇಳಿ, ಸಂದರ್ಭ ಲೆಕ್ಕ ಹಾಕಿ ಹೊಸ ಮಟ್ಟು ಹಾಕುತ್ತಾರೆ. ಒಂದು ನಾಟಕಕ್ಕೆ ಹತ್ತು ಹದಿನೈದು ಹಾಡೆಂದರೂ ನಲವತ್ತು ವರ್ಷ ಈ ಕೆಲಸ ಮಾಡಿದವರ ಕೈಯಿಂದ ಎಷ್ಟು ಮಟ್ಟುಗಳು ಹುಟ್ಟಿರಬಹುದು ಎಂದು ಓದುಗರೇ ಲೆಕ್ಕ ಹಾಕಲಿ.

ಇನ್ನು ವಾದ್ಯದ ಮಾತು. ಹಾರ್ಮೋನಿಯಂ ಆರ್ಗನ್ನಿನ ಮನೆತನದ್ದೇ. ಗಾಳಿ ಒತ್ತಿ, ಹಿತ್ತಾಳೆಯ ತೆಳು ನಾಲಿಗೆ ಕಂಪಿಸಿ ಸ್ವರ ಹೊರಡುವ ಈ ಪೆಟ್ಟಿಗೆಗೆ ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ಡೆಬೆನ್ 1840ರ ದಶಕದ ಆರಂಭದಲ್ಲಿ ಪೇಟೆಂಟ್ ಪಡೆದ. ದೊಡ್ಡ ಪೈಪ್ ಆರ್ಗನ್ ಇಡಲು ಶಕ್ತಿಯಿಲ್ಲದ ಸಣ್ಣ ಚರ್ಚುಗಳಿಗೆ ಇದು ಅನುಕೂಲವಾಯಿತು. ಮಿಷನರಿಗಳ ಜೊತೆ ಹಡಗೇರಿ ಭಾರತಕ್ಕೂ ಬಂತು. ಬಂದದ್ದು ಕಾಲಿನಿಂದ ತುಳಿಯುವ ಪೆಟ್ಟಿಗೆ. ಕಲ್ಕತ್ತದ ದ್ವಾರಕಾನಾಥ ಘೋಷ್ 1875ರ ಸುಮಾರಿಗೆ ಅದನ್ನು ನೆಲದ ಮೇಲೆ ಕೂತು ಒಂದು ಕೈಯಲ್ಲಿ ತಿದಿ ಒತ್ತಿ ಇನ್ನೊಂದು ಕೈಯಲ್ಲಿ ನುಡಿಸುವ ಹಾಗೆ ಮಾಡಿದರು. ಭಜನೆ, ಕೀರ್ತನೆ, ಬೈಠಕ್‌ಗಳಿಗೆಲ್ಲ ಆ ಕೈ ಪೇಟಿ ಹಬ್ಬಿತು. ನಾಟಕದವರು ಮಾತ್ರ ಕಾಲು ಹಾರ್ಮೋನಿಯಂ ಬಿಡಲಿಲ್ಲ.

ಅದಕ್ಕೆ ಕಾರಣವಿದೆ. ಕಾಲಿನ ಕೆಳಗೆ ಎರಡು ಹಲಗೆ. ಒಂದಾದ ಮೇಲೊಂದು ತುಳಿದರೆ ತಿದಿಗೆ ಗಾಳಿ ತುಂಬುತ್ತದೆ. ಎರಡೂ ಕೈ ಖಾಲಿ. ಬಲಗೈ ಹಾಡಿನ ಬೆನ್ನು ಹತ್ತಿದರೆ ಎಡಗೈ ಖರಜದಲ್ಲಿ ಶ್ರುತಿ ಹಿಡಿದು ನಿಲ್ಲುತ್ತದೆ. ಮೈಕ್ ಇಲ್ಲದ ಕಾಲದಲ್ಲಿ ಬಯಲಲ್ಲಿ ಕೂತ ಸಾವಿರಾರು ಜನರಿಗೆ ಸ್ವರ ಮುಟ್ಟಿಸಬೇಕಾದರೆ ಎರಡು ಮೂರು ಸಾಲು ರೀಡು ಇರುವ ಇಂಥ ಪೆಟ್ಟಿಗೆಯೇ ಬೇಕಿತ್ತು. ಅದಕ್ಕೂ ಮಿಗಿಲಾಗಿ, ತುಳಿತದಲ್ಲೇ ಭಾವವಿದೆ. ಮೆಲ್ಲಗೆ ಒತ್ತಿದರೆ ಸ್ವರ ಬಿಕ್ಕುತ್ತದೆ, ಜೋರಾಗಿ ತುಳಿದರೆ ಅಬ್ಬರಿಸುತ್ತದೆ. ಪಾತ್ರಧಾರಿ ಗದೆ ಎತ್ತಿ ಹೂಂಕರಿಸುವಾಗ ಮಾಸ್ತರರ ಮೊಣಕಾಲು ನೋಡಬೇಕು, ಯುದ್ಧ ಅಲ್ಲೂ ನಡೆದಿರುತ್ತದೆ. ಮರಾಠಿ ಸಂಗೀತ ನಾಟಕದವರು ಬಾಲಗಂಧರ್ವರ ಕಾಲದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆರ್ಗನ್ನನ್ನೇ ರಂಗದ ಮುಂದೆ ತಂದಿಟ್ಟರು. ಉತ್ತರ ಕರ್ನಾಟಕದ ಕಂಪನಿಗಳ ಮೇಲೆ ಆ ನಾಟಕಗಳ ಪ್ರಭಾವ ಎಷ್ಟೆಂಬುದು ಹಳೆಯ ರಂಗಗೀತೆಗಳ ಚಾಲನ್ನು ಕೇಳಿದರೇ ತಿಳಿಯುತ್ತದೆ.

ಪೇಟಿಯ ರಿಪೇರಿಯೂ ಮಾಸ್ತರರದೇ. ಬಳ್ಳಾರಿಯ ಬೇಸಿಗೆಗೆ ಮರ ಬಿರುಕು ಬಿಡುತ್ತದೆ, ಮಳೆಗಾಲಕ್ಕೆ ಉಬ್ಬಿ ಮನೆಗಳು ಕಚ್ಚಿಕೊಳ್ಳುತ್ತವೆ, ತಿದಿಯ ಚರ್ಮ ಇಲಿಗಳಿಗೆ ಪ್ರೀತಿ. ಲಾರಿಯಲ್ಲಿ, ಟಂಟಂನಲ್ಲಿ ಊರೂರು ಸುತ್ತುವಾಗ ಹೊಕ್ಕ ಧೂಳಿಗೆ ರೀಡು ಮೂಕಾಗುತ್ತದೆ. ಆಗ ಮೇಲಿನ ಹಲಗೆ ಬಿಚ್ಚಿ, ರೀಡು ಕಳಚಿ, ತೆಳು ಕಾಗದ ಆಡಿಸಿ ಧೂಳು ತೆಗೆಯಬೇಕು. ಸ್ವರ ಇಳಿದಿದ್ದರೆ ಹಿತ್ತಾಳೆಯ ನಾಲಿಗೆಯ ತುದಿಯನ್ನು ಒಂದು ಕೂದಲಿನಷ್ಟು ಕೆರೆಯಬೇಕು, ಸ್ವರ ಏರುತ್ತದೆ. ಏರಿದ್ದರೆ ಬುಡದಲ್ಲಿ ಕೆರೆಯಬೇಕು, ಇಳಿಯುತ್ತದೆ. ಒಂದು ಕೂದಲು ಹೆಚ್ಚಾದರೆ ಆ ರೀಡಿನ ಆಯುಷ್ಯ ಮುಗಿಯಿತು. ಇದನ್ನು ಕಣ್ಣಿನಿಂದಲ್ಲ, ಕಿವಿಯಿಂದ ಮಾಡುತ್ತಾರೆ.

ಬಳ್ಳಾರಿಯಲ್ಲಿ ಈ ಕಸುಬಿಗೆ ಇಷ್ಟು ಆಳದ ಬೇರು ಏಕೆ ಎಂದರೆ ಊರಿನ ಚರಿತ್ರೆಗೆ ಹೋಗಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಊರಿನಲ್ಲಿ ಇಬ್ಬರು ವಕೀಲರಿದ್ದರು. ಧರ್ಮವರಂ ರಾಮಕೃಷ್ಣಮಾಚಾರ್ಯುಲು (1853–1912) ಮತ್ತು ಕೋಲಾಚಲಂ ಶ್ರೀನಿವಾಸರಾವ್ (1854–1919). ಹಗಲು ಕೋರ್ಟು, ರಾತ್ರಿ ನಾಟಕ. ಮೊದಲನೆಯವರದು ಸರಸವಿನೋದಿನಿ ಸಭೆ, ಎರಡನೆಯವರದು ಸುಮನೋರಮಾ ಸಭೆ. ಇಬ್ಬರ ನಡುವೆ ಪೈಪೋಟಿ. ಆ ಪೈಪೋಟಿಯಿಂದ ಲಾಭವಾದದ್ದು ಬಳ್ಳಾರಿಗೆ, ತೆಲುಗು ರಂಗಭೂಮಿಗೆ. ರಾಮಕೃಷ್ಣಮಾಚಾರ್ಯುಲು 1886ರಲ್ಲಿ ‘ಚಿತ್ರನಳೀಯಂ’ ಆಡಿಸಿದರು. ಸಂಸ್ಕೃತದ ಚೌಕಟ್ಟಿನ ನಾಟಕಕ್ಕೆ ಹಾಡು, ಪದ್ಯಗಳನ್ನು ಧಾರಾಳವಾಗಿ ತಂದವರು ಅವರು. ಅವರನ್ನು ಆಂಧ್ರ ನಾಟಕ ಪಿತಾಮಹ ಎಂದು ಇಂದಿಗೂ ಕರೆಯುತ್ತಾರೆ. ಆ ಪಿತಾಮಹ ಕೂತು ಬರೆದದ್ದು ನಮ್ಮ ಬಳ್ಳಾರಿಯಲ್ಲಿ.

ಅವರ ಸೋದರಳಿಯ ಬಳ್ಳಾರಿ ರಾಘವ (1880–1946) ಕೂಡ ವಕೀಲರೇ. ಅವರ ದಾರಿ ಬೇರೆ. ಪದ್ಯವನ್ನು ರಾಗವಾಗಿ ಎಳೆದು ಚಪ್ಪಾಳೆ ಗಿಟ್ಟಿಸುವುದಕ್ಕಿಂತ ಪಾತ್ರದ ಒಳಗಿಳಿದು ಅಭಿನಯಿಸುವುದು ಮುಖ್ಯ ಎಂದವರು. ಬಳ್ಳಾರಿಯ ರಂಗಭೂಮಿ ಈ ಎರಡು ದಾರಿಗಳ ಜಗ್ಗಾಟದಲ್ಲೇ ಬೆಳೆಯಿತು ಎಂದರೆ ತಪ್ಪಾಗದು. ಹಾಡೂ ಬೇಕು, ಆದರೆ ಹಾಡು ನಾಟಕವನ್ನು ನುಂಗಬಾರದು. ಆ ತೂಕ ಹಿಡಿಯುವ ಕೆಲಸ ಕೊನೆಗೆ ಬಂದು ಬಿದ್ದದ್ದು ಪೇಟಿಯ ಮುಂದೆ ಕೂತವರ ಮೇಲೆ. ಪಾತ್ರಧಾರಿ ಆಲಾಪದಲ್ಲಿ ಮೈಮರೆತು ಕತೆ ನಿಂತುಹೋಗುವಂತಾದಾಗ ಪೇಟಿಯಲ್ಲಿ ಮುಕ್ತಾಯದ ಸ್ವರ ಕೊಟ್ಟು ಅವನನ್ನು ನೆಲಕ್ಕೆ ಇಳಿಸುವುದು ಮಾಸ್ತರರೇ. ರಾಘವರ ಜೊತೆ ಅಭಿನಯಿಸಿದ ಜೋಳದರಾಶಿ ದೊಡ್ಡನಗೌಡರು (1910–1994) ನಟರೂ ಹೌದು, ಗಮಕಿಯೂ ಹೌದು. ಹಾಡು, ಮಾತು ಎರಡೂ ಒಬ್ಬನೇ ಮನುಷ್ಯನಲ್ಲಿ ಜಗಳವಿಲ್ಲದೆ ಇರಬಹುದು ಎಂಬುದಕ್ಕೆ ಅವರೇ ಸಾಕ್ಷಿ.

1953ರ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪ ಮೈಸೂರು ರಾಜ್ಯಕ್ಕೆ ಸೇರಿ ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಗಡಿ ಗೆರೆ ಬಿದ್ದರೂ ಕಿವಿಗೆ ಗೆರೆ ಬೀಳಲಿಲ್ಲ. ತೆಲುಗು ಪದ್ಯನಾಟಕದ ಉದ್ದನೆಯ ರಾಗಾಲಾಪ ಈ ಕಡೆಯ ಕನ್ನಡ ಕಂದಪದ್ಯಗಳಲ್ಲೂ ಕೇಳುತ್ತದೆ. ಗದಗ, ಧಾರವಾಡದ ಕಡೆಯಿಂದ ಬಂದ ಹಿಂದುಸ್ತಾನಿ ಚಾಲು ಅದರ ಪಕ್ಕದಲ್ಲೇ ಇದೆ. ದಕ್ಷಿಣದ ಕರ್ನಾಟಕ ಪದ್ಧತಿಯೂ ಇದೆ. ಇಲ್ಲಿನ ಮಾಸ್ತರು ಭೂಪ್ ಎಂದರೂ ತಿಳಿಯುತ್ತಾರೆ, ಮೋಹನ ಎಂದರೂ ತಿಳಿಯುತ್ತಾರೆ. ಮಾಲ್‌ಕೌಂಸ್ ಕೇಳಿದವರಿಗೆ ಮಾಲ್‌ಕೌಂಸ್, ಹಿಂದೋಳ ಕೇಳಿದವರಿಗೆ ಹಿಂದೋಳ. ಎದುರಿಗೆ ಕೂತ ಊರು ಎಂಥದು, ಹಾಡುವವರು ಯಾರ ಕೈಯಲ್ಲಿ ಪಳಗಿದವರು ಎಂದು ನೋಡಿ ಗಮಕ ಹೆಚ್ಚು ಕಡಿಮೆ ಮಾಡುತ್ತಾರೆ. ಮೂರು ಸಂಗೀತಗಳ ಕೂಡು ದಾರಿಯಲ್ಲಿ ಕೂತ ಇಂಥ ಸಂಯೋಜಕರು ಕರ್ನಾಟಕದಲ್ಲಿ ಬೇರೆ ಕಡೆ ಅಷ್ಟು ಸುಲಭಕ್ಕೆ ಸಿಗಲಾರರು ಎಂದು ನನ್ನ ನಂಬಿಕೆ.

ಇವರ ಪರೀಕ್ಷೆಯ ರಾತ್ರಿ ಯಾವುದೆಂದರೆ ‘ರಕ್ತರಾತ್ರಿ’. ಕಂದಗಲ್ ಹನುಮಂತರಾಯರ (1896–1966) ಈ ನಾಟಕ ಮಹಾಭಾರತ ಯುದ್ಧದ ಕೊನೆಯ ರಾತ್ರಿಯದು. ಬಳ್ಳಾರಿ ಸೀಮೆಯ ಹಳ್ಳಿಗಳಲ್ಲಿ ಅದು ಎಷ್ಟು ಸಲ ರಂಗ ಏರಿದೆಯೋ ಲೆಕ್ಕ ಇಟ್ಟವರಿಲ್ಲ. ಅದರ ದ್ರೌಪದಿ ಎಂದರೆ ಜನಕ್ಕೆ ಸುಭದ್ರಮ್ಮ ಮನ್ಸೂರು. 1939ರಲ್ಲಿ ಹುಟ್ಟಿ, ಬಳ್ಳಾರಿಯನ್ನೇ ಊರು ಮಾಡಿಕೊಂಡು, 2020ರ ಜುಲೈನಲ್ಲಿ ತೀರಿಕೊಂಡ ಈ ಕಲಾವಿದೆ ಹಾಡಿದರೆ ರಂಗಗೀತೆ ಹೇಗಿರಬೇಕು ಎಂಬುದು ತಾನಾಗಿ ತಿಳಿಯುತ್ತಿತ್ತು. ಮಾತಿನಿಂದ ಹಾಡಿಗೆ, ಹಾಡಿನಿಂದ ಅಳುವಿಗೆ ಅವರು ಹೊರಳುವ ಕಡೆ ಹೊಲಿಗೆಯೇ ಕಾಣುತ್ತಿರಲಿಲ್ಲ. ಅಂಥವರಿಗೆ ಪೇಟಿ ಸಾಥ್ ಕೊಡುವುದೆಂದರೆ ಮುಂದಿನ ಉಸಿರು ಎಲ್ಲಿ ತೆಗೆಯುತ್ತಾರೆ ಎಂಬುದನ್ನು ಮೊದಲೇ ಬಲ್ಲವರಾಗಿರಬೇಕು.

ಅಂಥ ರಾತ್ರಿ ಮಾಸ್ತರು ಕೂರುವುದು ರಂಗದ ಮುಂದೆ ತಗ್ಗಿನಲ್ಲಿ, ಜನರಿಗೆ ಬೆನ್ನು ಹಾಕಿ, ಪಾತ್ರಧಾರಿಗೆ ಮುಖ ಮಾಡಿ. ಪಕ್ಕದಲ್ಲಿ ತಬಲಾ. ಹತ್ತು ಗಂಟೆಗೆ ನಾಂದಿ ಎತ್ತಿದರೆ ಬೆಳಗಿನ ಜಾವದ ಮಂಗಳದವರೆಗೆ ಕೂತಲ್ಲಿಂದ ಏಳುವ ಹಾಗಿಲ್ಲ. ಭೀಮನ ಪಾತ್ರಧಾರಿ ಗಾಬರಿಗೆ ಒಂದು ಮನೆ ಮೇಲೆ ಎತ್ತಿದರೆ ಅರ್ಧ ಕ್ಷಣದಲ್ಲಿ ಬೆರಳು ಆ ಮನೆಗೆ ಹೋಗಬೇಕು, ತಪ್ಪಿದ್ದು ಜನಕ್ಕೆ ತಿಳಿಯಬಾರದು. ಎರಡನೆಯ ನುಡಿ ಮರೆತು ಮೂರನೆಯದಕ್ಕೆ ಹಾರಿದರೆ ತಾನೂ ಹಾರಬೇಕು. ಒಳಗೆ ಸೀರೆ ಉಡುವುದು ತಡವಾದರೆ, ಪರದೆಯ ಹಗ್ಗ ಸಿಕ್ಕಿಹಾಕಿಕೊಂಡರೆ, ಊರ ಹಿರಿಯರು ರಂಗಕ್ಕೆ ಬಂದು ಪಾತ್ರಧಾರಿಗೆ ನೋಟಿನ ಹಾರ ಹಾಕಿ ಮುಯ್ಯಿ ಓದಿಸಲು ನಿಂತರೆ ಆ ಖಾಲಿ ಹೊತ್ತನ್ನೆಲ್ಲ ಪೇಟಿ ತುಂಬಬೇಕು. ಮುಯ್ಯಿ ಮುಗಿದು ಮತ್ತೆ ಕತೆಗೆ ಮರಳುವಾಗ ಕಡಿದುಹೋದ ದುಃಖವನ್ನು ಎಲ್ಲಿಂದ ಹಿಡಿಯಬೇಕು? ಮಾಸ್ತರು ಜೋಗಿಯಾದ ಎರಡು ಸ್ವರ ಕೊಡುತ್ತಾರೆ. ಅಳುವವಳು ಅಳುವಿಗೆ ವಾಪಸು ಬರುತ್ತಾಳೆ, ಕೇಳುವವರೂ ಬರುತ್ತಾರೆ.

ಈ ವಾದ್ಯವನ್ನು ದೊಡ್ಡವರು ಒಪ್ಪಿದ್ದು ತಡವಾಗಿ. 1940ರ ಮಾರ್ಚ್‌ನಲ್ಲಿ ಆಕಾಶವಾಣಿ ಹಾರ್ಮೋನಿಯಂಗೆ ಬಾಗಿಲು ಮುಚ್ಚಿತು. ಹನ್ನೆರಡು ಸ್ವರಗಳನ್ನು ಸಮ ಪಾಲು ಮಾಡಿದ ಈ ಪೆಟ್ಟಿಗೆಯಲ್ಲಿ ನಮ್ಮ ರಾಗಗಳ ಸೂಕ್ಷ್ಮ ಶ್ರುತಿ ಬಾರದು, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬಾರದು ಎಂಬುದು ತಕರಾರು. ತಕರಾರಿನಲ್ಲಿ ನಿಜವಿದೆ. ಆದರೆ ಹಾಡುವವರಿಗೆ ನೆಲೆ ಕೊಡುವ ಬೇರೆ ವಾದ್ಯ ಹಳ್ಳಿಯಲ್ಲಿ ಯಾವುದಿತ್ತು ಎಂದು ಯಾರೂ ಕೇಳಲಿಲ್ಲ. 1970ರ ದಶಕದ ಆರಂಭದಲ್ಲಷ್ಟೇ ಆ ನಿಷೇಧ ಸಡಿಲವಾಯಿತು. ರೇಡಿಯೊ ಬಾಗಿಲು ಮುಚ್ಚಿದ್ದ ಆ ಮೂವತ್ತು ವರ್ಷ ಹಾರ್ಮೋನಿಯಂ ಬಾರಿಸುವವರಿಗೆ ಅನ್ನ ಹಾಕಿದ್ದರಲ್ಲಿ ನಾಟಕದ ಪಾಲು ದೊಡ್ಡದು. ಬೆಳಗಾವಿಯ ಪಂಡಿತ ರಾಮಭಾವು ಬಿಜಾಪುರೆ (1917–2010) ಸ್ವತಂತ್ರ ವಾದನದಲ್ಲಿ ಈ ವಾದ್ಯಕ್ಕೆ ಘನತೆ ತಂದರು. ಹಳ್ಳಿಯ ಮಾಸ್ತರರಿಗೆ ಮಾತ್ರ ಆ ಘನತೆಯ ಪಾಲು ಬರಲಿಲ್ಲ.

ಅವರನ್ನು ತಯಾರು ಮಾಡಿದ ಜಾಗಗಳಲ್ಲಿ ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ಹೇಳದೆ ಮುಂದೆ ಹೋಗಲಾಗದು. ಪಂಚಾಕ್ಷರಿ ಗವಾಯಿಗಳು (1892–1944) ಕಟ್ಟಿದ, ಪುಟ್ಟರಾಜ ಗವಾಯಿಗಳು (1914–2010) ಬೆಳೆಸಿದ ಈ ಆಶ್ರಮದಲ್ಲಿ ಅಂಧರು, ಬಡವರು, ಜಾತಿ ಕೇಳಿಸಿಕೊಳ್ಳದೆ ಸಂಗೀತ ಕಲಿತರು. ಪುಟ್ಟರಾಜರು ಸ್ವತಃ ಹಾರ್ಮೋನಿಯಂ, ತಬಲಾ, ಪಿಟೀಲು ಬಲ್ಲವರು, ನಾಟಕ ಬರೆದವರು, ಆಶ್ರಮದ ಮಕ್ಕಳ ಊಟಕ್ಕೆಂದು ನಾಟಕ ಕಂಪನಿ ನಡೆಸಿದವರು. ಕಣ್ಣಿಲ್ಲದ ಹುಡುಗನೊಬ್ಬ ಊರಿಗೆ ಮರಳಿ ಯಾರ ಹಂಗೂ ಇಲ್ಲದೆ ಬದುಕಬಹುದಾದ ಕಸುಬು ಯಾವುದು ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಪೇಟಿ, ತಬಲಾ. ಉತ್ತರ ಕರ್ನಾಟಕದ ಎಷ್ಟೋ ಊರುಗಳ ತಾಲೀಮಿನ ಕೋಣೆಗಳಲ್ಲಿ ಆ ಉತ್ತರ ಇವತ್ತಿಗೂ ಕೇಳುತ್ತಿದೆ.

ನಾಟಕದ ಹೊರಗೂ ಇವರ ಸೀಸನ್ನಿದೆ. ಬಳ್ಳಾರಿ ಸೀಮೆ ಬಯಲಾಟದ, ಅಂದರೆ ದೊಡ್ಡಾಟದ ಗಟ್ಟಿ ನೆಲ. ಸಾರಥಿ ಬಂದು ಪಾತ್ರಗಳನ್ನು ಮಾತಾಡಿಸುವ, ಭುಜಕೀರ್ತಿ ಕಿರೀಟ ಕಟ್ಟಿ ಕುಣಿಯುವ ಆಟಕ್ಕೆ ಮದ್ದಳೆ, ತಾಳ, ಮುಖವೀಣೆ ಹಳೆಯ ಜೊತೆಗಾರರು. ಪೇಟಿ ಆಮೇಲೆ ಬಂದು ಕೂತದ್ದು. ಬಯಲಾಟದ ಮಟ್ಟುಗಳು ನಾಟಕದವಕ್ಕಿಂತ ಹಳೆಯವು, ಹೆಚ್ಚು ಹಟಮಾರಿ. ಅವನ್ನು ರಾಗದ ಹೆಸರಿನ ಕೆಳಗೆ ಕೂರಿಸಲು ಹೋದರೆ ಅರ್ಧ ಹೊರಗುಳಿಯುತ್ತವೆ. ಬಲ್ಲ ಮಾಸ್ತರು ಅಲ್ಲಿ ತನ್ನ ಕಲ್ಪನೆ ತೋರಿಸುವುದಿಲ್ಲ. ಹಿರಿಯ ಮೇಳದವರು ಹೇಗೆ ಹಾಡುತ್ತಾರೋ ಹಾಗೇ ಹಿಂಬಾಲಿಸುತ್ತಾರೆ. ಎಲ್ಲಿ ಕಟ್ಟಬೇಕು, ಎಲ್ಲಿ ಕಾಯಬೇಕು ಎಂಬ ಈ ತಿಳಿವಳಿಕೆ ನನಗೆ ಅವರ ಬಗ್ಗೆ ಎಲ್ಲಕ್ಕಿಂತ ಹೆಚ್ಚು ಗೌರವ ಹುಟ್ಟಿಸುತ್ತದೆ. ತೊಗಲುಗೊಂಬೆಯಾಟಕ್ಕೂ ಪೇಟಿ ಬೇಕು. 2023ರಲ್ಲಿ ನಾವು ಕಳೆದುಕೊಂಡ ಬೆಳಗಲ್ಲು ವೀರಣ್ಣನವರು ಪರದೆಯ ಹಿಂದಿನಿಂದ ಹಾಡಿದ ಹಾಡುಗಳಲ್ಲಿ ನಾಟಕದ ನಟನೊಬ್ಬನ ಕಂಠವಿತ್ತು. ಅವರು ಬಂದದ್ದೂ ರಂಗದಿಂದಲೇ.

ಈಗ ಕಾಲು ಹಾರ್ಮೋನಿಯಂ ಕಡಿಮೆಯಾಗುತ್ತಿದೆ. ಅದರ ಜಾಗಕ್ಕೆ ಕೀಬೋರ್ಡ್ ಬಂದಿದೆ, ತಬಲಾದ ಪಕ್ಕ ರಿದಂ ಪ್ಯಾಡ್ ಕೂತಿದೆ. ಕೀಬೋರ್ಡನ್ನು ಬೈಯುವುದು ನನ್ನ ಉದ್ದೇಶವಲ್ಲ. ಅದು ಹಗುರ, ಒಂದು ಗುಂಡಿ ಒತ್ತಿದರೆ ಶ್ರುತಿ ಬದಲು, ಇಲಿಗೆ ಅದರಲ್ಲಿ ತಿನ್ನಲು ಏನಿಲ್ಲ. ಮಗನ ಕೈಗೆ ಕೀಬೋರ್ಡ್ ಕೊಟ್ಟು ತಾವು ಪಕ್ಕದಲ್ಲಿ ಪೇಟಿ ಹಿಡಿದು ಕೂರುವ ಹಿರಿಯರೂ ಇದ್ದಾರೆ, ಅದು ಚೆಂದದ ಜೋಡಿ. ಕಷ್ಟವಿರುವುದು ಬೇರೆ ಕಡೆ. ಕೀಬೋರ್ಡಿನ ಜೊತೆ ಸಿನಿಮಾ ಹಾಡಿನ ತಯಾರಿ ಮಟ್ಟುಗಳು ಬಂದವು. ತಾಲೀಮು ತಿಂಗಳುಗಳಿಂದ ವಾರಗಳಿಗೆ ಇಳಿಯಿತು. ಹುಡುಗರಿಗೆ ಕಾಯುವ ವ್ಯವಧಾನವಿಲ್ಲ, ನಡುವೆ ಐಟಂ ಹಾಡಿಗೆ ಕುಣಿತ ಬೇಕು. ಮಾಸ್ತರು ಹೊಸ ಮಟ್ಟು ಹಾಕಿದರೆ ‘ಇದು ಯಾವ ಹಾಡಿನ ಧಾಟಿ?’ ಎಂಬ ಪ್ರಶ್ನೆ ಬರುತ್ತದೆ. ಯಾವ ಹಾಡಿನದೂ ಅಲ್ಲ ಎಂದರೆ ಮುಖ ಸಪ್ಪಗಾಗುತ್ತದೆ.

ಹೀಗಿದ್ದೂ ಕಸುಬು ನಿಂತಿಲ್ಲ. ಬಳ್ಳಾರಿಯಲ್ಲಿ ಕನಕ ದುರ್ಗಮ್ಮನ ಸಿಡಿಬಂಡಿ, ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ತೇರು, ಸಿರುಗುಪ್ಪದ ಹೊಳೆಸಾಲಿನ ಊರುಗಳ ದೇವರ ಕಾರ್ಯ, ಒಂದಾದ ಮೇಲೊಂದು ಬರುತ್ತವೆ. ಹಂಗಾಮಿನಲ್ಲಿ ಒಳ್ಳೆಯ ಮಾಸ್ತರು ಒಂದೂರಿನ ತಾಲೀಮು ಮುಗಿಸಿ ಇನ್ನೊಂದೂರಿಗೆ ಓಡುತ್ತಾರೆ. ಮಳೆಗಾಲದಲ್ಲಿ ಭಜನೆ, ಮದುವೆಯ ಹಾಡು, ಮಕ್ಕಳಿಗೆ ಪಾಠ. ಸರ್ಕಾರದ ಕಲಾವಿದರ ಮಾಸಾಶನ ಬಂದವರಿಗೆ ಅದೊಂದು ಆಸರೆ. ಆದರೆ ಅರ್ಜಿಯ ಜೊತೆ ಕೇಳುವ ದಾಖಲೆ ಎಂದರೆ ಹಳೆಯ ಕರಪತ್ರ, ಪೋಸ್ಟರ್. ನಲವತ್ತು ವರ್ಷ ನೂರಾರು ನಾಟಕ ಕಟ್ಟಿದವರು ತಮ್ಮ ಬದುಕಿನ ಸಾಕ್ಷಿಗೆ ಆ ಕೊನೇ ಸಾಲನ್ನೇ ಹುಡುಕಿಕೊಂಡು ಅಟ್ಟ ಹತ್ತಬೇಕು. ಜೋಪಾನ ಮಾಡದವರ ಪಾಡು ಹೇಳತೀರದು.

ರಂಗಗೀತೆಗಳ ದಾಖಲೆ ಕನ್ನಡದಲ್ಲಿ ಆಗಿಲ್ಲವೆಂದಲ್ಲ. ಕಂಪನಿ ನಾಟಕಗಳ ಹಾಡುಗಳನ್ನು ನೆನಪಿನಿಂದ ಹೊಸ ಪೀಳಿಗೆಗೆ ದಾಟಿಸಿದ ಆರ್. ಪರಮಶಿವನ್ ಅವರಂಥವರು ನಮ್ಮಲ್ಲಿದ್ದರು. ಹಂಪಿಯಲ್ಲಿ 1991ರಲ್ಲಿ ಶುರುವಾದ ಕನ್ನಡ ವಿಶ್ವವಿದ್ಯಾಲಯ ಬಳ್ಳಾರಿಗೆ ದೂರವೇನಲ್ಲ. ದೊಡ್ಡ ಕಂಪನಿಗಳ ಹಾಡುಗಳಿಗೆ ದೊರೆತ ಗಮನ ಹಳ್ಳಿಯ ನಾಟಕಗಳ ಮಟ್ಟುಗಳಿಗೂ ದೊರೆಯಬೇಕು. ಒಂದು ಹಂಗಾಮು, ಒಂದು ಧ್ವನಿಮುದ್ರಣ ಯಂತ್ರ, ಪೇಟಿ ಬಲ್ಲ ಒಬ್ಬ ವಿದ್ಯಾರ್ಥಿ ಸಾಕು. ನಾಟಕದ ರಾತ್ರಿಗಿಂತ ತಾಲೀಮಿನ ರಾತ್ರಿಗಳಲ್ಲಿ ಕೂರಬೇಕು, ಏಕೆಂದರೆ ಮಟ್ಟು ಹುಟ್ಟುವುದು ಅಲ್ಲಿ. ಮಾಸ್ತರರ ನೋಟ್‌ಬುಕ್ಕಿನಲ್ಲಿ ಹಾಡಿನ ಅಂಚಿಗೆ ಗೀಚಿದ ಸ್ವರ, ಶ್ರುತಿಯ ಮನೆ, ಪಾತ್ರಧಾರಿಯ ಹೆಸರು ಎಲ್ಲವನ್ನೂ ಚಿತ್ರ ತೆಗೆದಿಡಬೇಕು. ಈ ಮಟ್ಟು ಯಾರಿಂದ ಕಲಿತಿರಿ, ಎಲ್ಲಿ ಬದಲಿಸಿದಿರಿ, ಯಾರಿಗಾಗಿ ಬದಲಿಸಿದಿರಿ ಎಂದು ಕೇಳಬೇಕು. ಅವರು ಮೊದಲಿಗೆ ‘ಅದರಾಗೇನೈತಪ್ಪ, ಹಿಂಗ ಬಾರಿಸಿದ್ವಿ’ ಅನ್ನುತ್ತಾರೆ. ಸ್ವಲ್ಪ ಹೊತ್ತು ಕಾದರೆ ಪೇಟಿಯ ಮುಚ್ಚಳ ತೆಗೆದು, ಮೊದಲು ಹೇಗಿತ್ತು, ಆಮೇಲೆ ಹೇಗೆ ಮಾಡಿದೆ ಎಂದು ಎರಡನ್ನೂ ಬಾರಿಸಿ ತೋರಿಸುತ್ತಾರೆ.